ಬ್ಯಾಟರಿ ನೀರು

ಮೂರನೇ ಸಲ ಬಿಚ್ಚಿದ ಪೈಪಿನೊಳಗೂ ಅದೇ ಬಿಳಿ ಸುಣ್ಣ ಕಂಡು ಬೀರೇಶನಿಗೆ ತಲೆ ಕೆಟ್ಟುಹೋಯಿತು. ಸೀರೆಗೆ ಡಿಸೈನ್ ಬಿಡಿಸುವ ಕಂಪ್ಯೂಟರ್ ಬಿಸಿಯಾಗದಿರಲೆಂದು ತಾನೇ ಪಂಪು, ಪೈಪು, ನೀರಿನ ಡಬ್ಬಿ ಜೋಡಿಸಿ ಅದರೊಳಗೆ ನೀರು ಹರಿಸಿದ್ದ. ಅದೂ ಬಳ್ಳಾಪುರದ ಬಂಕಿನಿಂದ ತಂದ, ಭಟ್ಟಿ ಇಳಿಸಿದ ಅಪ್ಪಟ ಬ್ಯಾಟರಿ ನೀರು. ಅದರಲ್ಲಿ ಸುಣ್ಣ ಎಲ್ಲಿಂದ ಬರಬೇಕು?

"ನಾನೇ ಕಣಪ್ಪ, ಬೋರ್‌ವೆಲ್ ನೀರು ಹಾಕ್ತಿದ್ದೆ," ಎಂದಳು ಕಸ ಗುಡಿಸುತ್ತಿದ್ದ ಅತ್ತಿಗೆ ಮುನಿಗಂಗಮ್ಮ.

"ಯಾರು ಅತ್ತಿಗೆ, ಹಾಕು ಅಂದಿದ್ದು? ಒಂದ್ ತೊಟ್ಟೂ ಸೋರದಂಗೆ ಮಾಡಿದೀನಿ."

"ದಿನಾ ಬೆಳಿಗ್ಗೆ ಡಬ್ಬೀಲಿ ಒಂದ್ ಬೆರಳು ಇಳ್ದಿರ್ತಿತ್ತು. ಪಂಪು ಒಣಗಿ ಸುಟ್ಟೋಗ್ಲಿ ಅಂತ ಬಿಡ್ಲಾ?"

ಇಳಿದ ನೀರು ಹೋದದ್ದೆಲ್ಲಿಗೆ? ಬೀರೇಶ ಕಂಪ್ಯೂಟರಿನ ಕೆಳಗಿದ್ದ ಮೇಜಿನ ಡ್ರಾಯರ್ ಎಳೆದ. ಎರಡು ವರ್ಷದ ಡಿಸೈನುಗಳನ್ನೆಲ್ಲ ತುಂಬಿಟ್ಟಿದ್ದ ಫ್ಲಾಪಿಗಳ ಮೇಲೆ ಅದೇ ಬಿಳಿ ಸುಣ್ಣ ಕಟ್ಟಿತ್ತು.