ಅಪ್ಪ ಬಾಚಿದ ಜಲ್ಲಿ

ಬಿಸಿಲಿಗೆ ಕಾದ ಜಲ್ಲಿಕಲ್ಲಿನ ವಾಸನೆಗೆ ಈಗಲೂ ದುಬೈಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಹೋಟೆಲೊಂದರ ಜಪಾನಿ ತೋಟದಲ್ಲಿ ಮಾಲಿಯಾಗಿದ್ದರು. ಕೊಳ, ಕೆಂಪು ಸೇತುವೆ, ಬಣ್ಣದ ಮೀನು ಇರುತ್ತವೆಂದು ನಾನು ಹೊಸ ಫ್ರಾಕು ಹಾಕಿಕೊಂಡು ಅಮ್ಮನ ಜೊತೆ ಹೋಗಿದ್ದೆ. ಇದ್ದದ್ದು ಮೂರು ಬಂಡೆ, ಸುತ್ತ ಗೆರೆ ಎಳೆದ ಬಿಳಿ ಜಲ್ಲಿ.

"ನೀರೆಲ್ಲಿ?" ಎಂದೆ.

"ಇದೇ ನೀರು ಮಾರಾಯ್ತಿ. ಗೆರೆಗಳೇ ಅಲೆ. ಸುಮ್ಮನೆ ಕೂತು ನೋಡು," ಎಂದರು ಅಪ್ಪ.

ಎಷ್ಟು ನೋಡಿದರೂ ಕಲ್ಲೇ ಕಂಡಿತು. "ಇಟ್ಸ್ ಜಸ್ಟ್ ಸ್ಟೋನ್ಸ್!" ಎಂದು ಸಿಟ್ಟಿನಿಂದ ಅದರ ಮೇಲೆಯೇ ಓಡಿದೆ.

"ಅಪ್ಪ ಬೆಳಿಗ್ಗೆ ಐದಕ್ಕೆ ಬಂದು ಬಾಚಿದ್ದು, ನಿನಗೆ ತೋರಿಸ್ಲಿಕ್ಕೆ!" ಅಮ್ಮ ಕಿರುಚಿದರು.

ಅಪ್ಪ ಬೈಯಲಿಲ್ಲ. ಜಲ್ಲಿ ಬಾಚುವ ಉದ್ದ ಹಿಡಿಯ ಹಲುಬೆ ತಂದು, ನನ್ನ ಹೆಜ್ಜೆಗಳನ್ನು ಒಂದೊಂದಾಗಿ ಅಳಿಸುತ್ತಾ ಹಿಂದಕ್ಕೆ ನಡೆದರು. ನಾನು ಬೆನ್ನು ತಿರುಗಿಸಿ ಕೂತು "ಬೋರಿಂಗ್" ಎನ್ನುತ್ತಲೇ ಇದ್ದೆ.

ಅವರು ಮತ್ತೆಂದೂ ನಮ್ಮನ್ನು ಅಲ್ಲಿಗೆ ಕರೆಯಲಿಲ್ಲ.