ಹಾರಾತಾಳ ಗದ್ದ

"ಆ ಪೈ ಅಲ್ಲಿಂದ ತೆಗೀತೀಯೋ, ಇಲ್ಲ ನಿನ್ನನ್ನೇ ಆಚೆ ಹಾಕ್ಲೋ?"

ಪಾವೊರಾ ಬೆಚ್ಚಿಬಿದ್ದು, ಕಂಪ್ಯೂಟರಿನ ಪೆಟ್ಟಿಗೆಯ ಮೇಲಿಟ್ಟಿದ್ದ, ಹಿಟ್ಟಿನೊಳಗೆ ಮಾಂಸ ತುಂಬಿ ಸುಟ್ಟ ಪೈಯನ್ನು ಕೈಗೆತ್ತಿಕೊಂಡ. ಊರವರ ಹಳೆಯ ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುವುದು ಅವನ ಕಸುಬು; ಮಾಡುತ್ತ ಮಾಡುತ್ತ ಏನಾದರೂ ಮೆಲ್ಲುವುದು ಅವನ ಚಾಳಿ. ಇವತ್ತಿನ ಕಂಪ್ಯೂಟರು ಮಾತ್ರ ಅವನ ಅಪ್ಪನ ಅಕ್ಕ ಮೆರೆಪೆಕಾಳದು; ಗದರಿದವಳೂ ಅವಳೇ.

"ಒಳಗೆ ಸತ್ತೋರಿದ್ದಾರೆ. ಅವರ ತಲೆ ಮೇಲೆ ಊಟ ಇಡ್ತಾರೇನೋ? ಹೋಗು, ಹೊರಗಿಟ್ಟು ಕೈ ತೊಳ್ಕೊಂಡು ಬಾ."

ಒಳಗೆ ಇದ್ದದ್ದು ನಿಜ. ಎರಡು ವರ್ಷದ ಹಿಂದೆ ಚಂಡಮಾರುತ ಬಂದಾಗ ಹೊಳೆ ಉಕ್ಕಿ ಊರ ಸಭಾಮನೆಗೆ ನುಗ್ಗಿ, ಗೋಡೆಯ ತುಂಬ ಇದ್ದ, ತೀರಿಹೋದ ಹಿರಿಯರ ಚಿತ್ರಗಳನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಅದಕ್ಕೆ ಸ್ವಲ್ಪ ಮೊದಲು, ಯಾವ ಪುಣ್ಯವೋ, ಮೆರೆಪೆಕಾ ಒಂದೊಂದನ್ನೇ ಮನೆಗೆ ತಂದು ಸ್ಕ್ಯಾನ್ ಮಾಡಿ ಮತ್ತೆ ಗೋಡೆಗೆ ತೂಗುಹಾಕಿದ್ದಳು. ಈಗ ಊರಿನ ಅಜ್ಜ ಅಜ್ಜಿಯರೆಲ್ಲ ಇರುವುದು ಈ ಕಂಪ್ಯೂಟರಿನಲ್ಲಿ ಮಾತ್ರ. ಅದೋ ತೆವಳತೊಡಗಿತ್ತು. ಹೊಸ ಸಿಸ್ಟಮ್ ಹಾಕಬೇಕೆಂದರೆ ಒಳಗಿನದನ್ನೆಲ್ಲ ಅಳಿಸಬೇಕು. ಅಳಿಸುವ ಮೊದಲು ಒಬ್ಬರನ್ನೂ ಬಿಡದೆ ಆಚೆ ಕರೆತರಬೇಕು.

ಪಾವೊರಾ ಕೈ ತೊಳೆದು ಬರುವಷ್ಟರಲ್ಲಿ ಮೆರೆಪೆಕಾ ಕಪ್ಪು ಲಂಗ ಉಟ್ಟು, ತಲೆಗೆ ಹಸಿರೆಲೆಯ ಸಿಂಬಿ ಸುತ್ತಿಕೊಂಡು ನಿಂತಿದ್ದಳು. ಅವರಲ್ಲಿ ಹೆಂಗಸರು ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ.

"ಆಂಟಿ, ಅವರೇನು ಸಿಡ್ನಿಗೆ ಹೊರಟಿಲ್ಲ. ಆ ದೊಡ್ಡ ಡಬ್ಬದಿಂದ ಈ ಸಣ್ಣ ಡಬ್ಬಿಗೆ, ಅಷ್ಟೆ."

"ಬಾಯಿ ಮುಚ್ಕೊಂಡು ಒತ್ತು."

ಅವನು ಒತ್ತಿದ. ಚಿತ್ರಗಳು ಒಂದರ ಹಿಂದೊಂದು, ಪಕ್ಕದಲ್ಲಿ ಜೋಡಿಸಿದ್ದ ಹಾರ್ಡ್ ಡಿಸ್ಕಿನ ಸಣ್ಣ ಡಬ್ಬಿಗೆ ಇಳಿಯತೊಡಗಿದವು. ಮೆರೆಪೆಕಾ ದನಿ ಎತ್ತಿ, ಗೋಡೆಯ ಮೇಲಿದ್ದ ಸಾಲಿನಲ್ಲೇ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಹೋಗಿ ಬನ್ನಿ ತೇ ಆಮೋ, ಕುದುರೆಯಿಂದ ಬಿದ್ದವರೇ. ಹೋಗಿ ಬಾ ರೋಪಾಟಾ, ಯುದ್ಧಕ್ಕೆ ಹೋದವನೇ, ನಿನ್ನಮ್ಮ ಹಿಂದೆಯೇ ಇದ್ದಾಳೆ. ಚೀಟಿ ಇಲ್ಲ, ತಡವರಿಕೆ ಇಲ್ಲ. ಪಾವೊರಾ ಇಂಥ ಸಾವಿರಾರು ಚಿತ್ರಗಳನ್ನು ಸಾಗಿಸಿದ್ದವನು; ಜನ ಆ ಹೊತ್ತಿನಲ್ಲಿ ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಇಲ್ಲಿ ತಾನು ಯಾವಾಗ ಟೋಪಿ ತೆಗೆದನೋ ಅವನಿಗೇ ತಿಳಿಯಲಿಲ್ಲ.

"ಎಲ್ಲರೂ ಬಂದ್ರು. ಈಗ ತೆರೆದು ನೋಡ್ಬೇಕು. ನೋಡದೆ ನಾನು ಅಳಿಸೋನಲ್ಲ."

ಎಲ್ಲ ಮುಖಗಳೂ ಸರಿಯಾಗಿ ತೆರೆದುಕೊಂಡವು. ಕೊನೆಯದೊಂದು ಉಳಿಯಿತು.

"ಅದು ಬೇಡ," ಎಂದಳು ಮೆರೆಪೆಕಾ, ದನಿ ಇಳಿಸಿ. "ಅದು ಹಾರಾತಾ. ನಮ್ಮಜ್ಜಿಯ ಅಮ್ಮ. ಶನಿವಾರ ಹಚ್ಚೆಯವನು ಬರ್ತಾನಲ್ಲ, ಅವನ ಮುಂದೆಯೇ ತೆರೀತೀನಿ ಅಂತ ಇಷ್ಟು ದಿನ ನೋಡದೆ ಇಟ್ಟಿದ್ದೀನಿ."

ಪಾವೊರಾನಿಗೆ ಗೊತ್ತಿತ್ತು. ಹಾರಾತಾಳ ಗದ್ದದ ಮೇಲಿದ್ದ ಹಚ್ಚೆ ಆಮೇಲೆ ಮನೆತನದ ಯಾವ ಹೆಣ್ಣಿನ ಗದ್ದದ ಮೇಲೂ ಬಂದಿರಲಿಲ್ಲ. ಅದನ್ನು ಹೊರುವ ಯೋಗ್ಯತೆ ತನಗಿಲ್ಲವೆಂದು ಮೆರೆಪೆಕಾ ವಯಸ್ಸು ಅರವತ್ತು ದಾಟುವವರೆಗೂ ಹಿಂಜರಿದು, ಈಗಷ್ಟೇ ಹೂಂ ಎಂದಿದ್ದಳು.

"ಗದ್ದದ ಹಚ್ಚೆ ಹೆಣ್ಣಿನ ಒಳಗೇ ಇರುತ್ತಂತೆ, ಆ ಹಚ್ಚೆಯವನು ಬರೀ ಆಚೆ ತರ್ತಾನಂತೆ. ಏನು ದೊಡ್ಡಸ್ತಿಕೆ! ನನ್ನ ನೆನಪಲ್ಲಿ ಒಂದೊಂದು ಗೆರೆಯೂ ಉಳಿಯುತ್ತಾ? ನೋಡಿ ಹಾಕೋಕೆ ಚಿತ್ರ ಬೇಡ್ವಾ?"

"ಅದಕ್ಕೇ ಹೇಳೋದು ಆಂಟಿ, ಈಗ್ಲೇ ನೋಡ್ಬಿಡೋಣ."

ತೆರೆದ. ಹಣೆ ಬಂತು. ನೇರ ನೋಡುವ ಎರಡು ಕಣ್ಣು ಬಂದವು. ಮೂಗು ಬಂತು. ಅಲ್ಲಿಂದ ಕೆಳಗೆ ಬರೀ ಕಪ್ಪು.

ಪಾವೊರಾ ಮತ್ತೆ ತೆರೆದ. ಹಳೆಯ ಡಬ್ಬದಲ್ಲಿದ್ದ ಮೂಲವನ್ನೇ ತೆರೆದ. ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಕಪ್ಪು ಅಲುಗಲಿಲ್ಲ.

"ಇದು ಅರ್ಧವೇ ಸೇವ್ ಆಗಿದೆ. ಮಧ್ಯೆ ಏನಾದ್ರೂ ಕರೆಂಟು ಹೋಗಿತ್ತಾ?"

ಮೆರೆಪೆಕಾ ಗೋಡೆ ಹಿಡಿದುಕೊಂಡಳು. "ಹೋಗಿತ್ತು. ಗಾಳಿ ಶುರುವಾದ ಸಂಜೆ ಅದು. ಕೆಲಸ ಮುಗೀತು ಅಂದ್ಕೊಂಡೆ. ಮುತ್ತಜ್ಜಿ ಒಬ್ಬಳೇ ರಾತ್ರಿ ನಮ್ಮನೇಲಿ ಇರೋದು ಬೇಡ, ತನ್ನವರ ಜೊತೆ ಇರ್ಲಿ ಅಂತ ಮಳೇಲೇ ಓಡಿಹೋಗಿ ಗೋಡೆಗೆ ತೂಗುಹಾಕಿ ಬಂದೆ. ನಾನೇ ಕೊಂಡೊಯ್ದು ನೀರಿಗೆ ಕೊಟ್ಟೆನಲ್ಲೋ, ಪಾವೊರಾ."

ಅವಳು ತಲೆಯ ಸಿಂಬಿ ತೆಗೆದು ಮೇಜಿನ ಮೇಲಿಟ್ಟಳು. "ಹಚ್ಚೆಯವನಿಗೆ ಬರೋದು ಬೇಡ ಅಂತ ಹೇಳ್ಬಿಡ್ತೀನಿ," ಎಂದು, ಕಣ್ಣನ್ನಾದರೂ ಹತ್ತಿರದಿಂದ ನೋಡೋಣವೆಂದು ಅವನ ಹೆಗಲ ಮೇಲಿಂದ ಪರದೆಯತ್ತ ಬಾಗಿದಳು. ಕಿಟಕಿಯ ಬಿಸಿಲು ಅವಳ ಮುಖಕ್ಕೆ ಬಿತ್ತು.

"ಆಂಟಿ," ಪಾವೊರಾ ಉಸಿರು ಬಿಗಿಹಿಡಿದ. "ಅಲ್ಲಾಡ್ಬೇಡ."

"ಏನಾಯ್ತೋ?"

"ನೋಡು."

ಮೇಲೆ ಹಾರಾತಾಳ ಹಣೆ, ಕಣ್ಣು, ಮೂಗು. ಕೆಳಗಿನ ಕಪ್ಪು ಗಾಜಿನಲ್ಲಿ ಮೆರೆಪೆಕಾಳ ಪ್ರತಿಬಿಂಬ: ತುಟಿ, ಗದ್ದ. ಎಲ್ಲಿಯೂ ಜೋಡಿಸಿದ ಗೆರೆ ಕಾಣಲಿಲ್ಲ. ಎರಡು ಹೆಂಗಸರು ಅಲ್ಲಿರಲಿಲ್ಲ, ಒಂದೇ ಮುಖವಿತ್ತು.

ಆಮೇಲೆ ಮೆರೆಪೆಕಾ ನಿಧಾನವಾಗಿ ಬೆರಳೆತ್ತಿ ತನ್ನ ಬೋಳು ಗದ್ದವನ್ನು ಮುಟ್ಟಿಕೊಂಡಳು.

"ಹಳೇದನ್ನ ಇನ್ನು ಅಳಿಸು. ಶನಿವಾರ ಹಚ್ಚೆಯವನು ಬರ್ಲಿ," ಎಂದಳು.

ಪರದೆಯಲ್ಲಿ ಹಾರಾತಾ ಇನ್ನೂ ತನ್ನ ಗದ್ದವನ್ನು ಸವರಿಕೊಳ್ಳುತ್ತಲೇ ಇದ್ದಳು.