ಹಳದಿ ವೈರಿನ ಜನ

ಹಳೇ ವೈರುಗಳ ಚೀಲ ಬಿಚ್ಚಿದರೆ ಬರುವ ರಬ್ಬರಿನ ವಾಸನೆ ಇವತ್ತಿಗೂ ನನ್ನನ್ನು ಹರಿಹರದ ಅಜ್ಜಿ ಮನೆಯ ಟಿವಿ ಮುಂದೆ ಕೂರಿಸುತ್ತದೆ.

ಆ ಬೇಸಿಗೆ ರಜೆಯಲ್ಲಿ ನಾನೂ ಅಕ್ಕನೂ ವಿಡಿಯೊ ಗೇಮಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಹಳದಿ ಪಿನ್ನಿನ ವೈರಿನಲ್ಲಿ ಚಿತ್ರ ಮಸುಕಾಗಿ ಬರುತ್ತಿತ್ತು. ಚೆಂಡು ಎಲ್ಲಿ ಹೋಯಿತೆಂದು ದಿನವೂ ಜಗಳ. ಅಜ್ಜಿಗೆ ಆಟ ಬೇಕಿರಲಿಲ್ಲ. ಮೊರದಲ್ಲಿ ಶೇಂಗಾ ಸುಲಿಯುತ್ತಾ, ಸ್ಟೇಡಿಯಮ್ಮಿನಲ್ಲಿ ಕೂತ ಜನರನ್ನು ನೋಡುತ್ತಿದ್ದಳು. "ಆ ಕೆಂಪು ರುಮಾಲಿನವನು ಮಾಯಕೊಂಡದ ನಮ್ಮಣ್ಣನಂಗೇ ಅದಾನೆ ನೋಡು" ಅನ್ನುತ್ತಿದ್ದಳು. ಆ ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು.

ಒಂದು ಮಧ್ಯಾಹ್ನ ಮಾವ ದಾವಣಗೆರೆಯಿಂದ ಕೆಂಪು, ಹಸಿರು, ನೀಲಿ ಪಿನ್ನುಗಳ ವೈರು ತಂದ. "ಹಳದಿ ವೈರಿನಾಗ ಬಣ್ಣ ಎಲ್ಲಾ ಒಂದೇ ದಾರಿಗೆ ನುಗ್ಗತಾವೆ, ನಮ್ಮ ಸೇತುವೆ ಮ್ಯಾಲೆ ಬಸ್ಸು, ಟ್ರ್ಯಾಕ್ಟರು, ಎಮ್ಮೆ ನುಗ್ಗಿದಂಗೆ. ಇದರಾಗ ಮೂರು ದಾರಿ ಐತೆ" ಎನ್ನುತ್ತಾ ಸಿಕ್ಕಿಸಿದ. ಚೆಂಡಿನ ಹೊಲಿಗೆಯೂ ಕಂಡಿತು. ನಾವು ಕುಣಿದಾಡಿದೆವು.

ಅಜ್ಜಿ ಕನ್ನಡಕ ಹಾಕಿಕೊಂಡು ಹತ್ತಿರ ಹೋದಳು. ಜನರೆಂದರೆ ರಟ್ಟಿನ ಮೇಲೆ ಬರೆದಂಥ ನಾಲ್ಕೇ ಮುಖ, ಸಾಲುಸಾಲಿಗೂ ಅವೇ. ಕೆಂಪು ರುಮಾಲು ಅಂದುಕೊಂಡಿದ್ದು ಬರೀ ಟೋಪಿ.

"ಇವರಿಗೆಲ್ಲ ಒಬ್ಬಾಕೆನೇ ತಾಯಿ ಏನೋ" ಎಂದು ನಕ್ಕು, ಮೊರ ಎತ್ತಿಕೊಂಡು ಒಳಗೆ ನಡೆದಳು. ಎಷ್ಟು ಕರೆದರೂ "ನೀವೇ ಆಡ್ರಪ್ಪ" ಅಂದಳೇ ಹೊರತು ಬರಲಿಲ್ಲ.

ಮರುದಿನ ಅಕ್ಕ ಮೂರೂ ಪಿನ್ನು ಕಿತ್ತು ಹಳದಿಯದನ್ನು ಸಿಕ್ಕಿಸಿದಳು. ನಾನು ಅಡಿಗೆಮನೆಯ ಬಾಗಿಲಿಗೆ ಓಡಿದೆ.

"ಅಜ್ಜಿ, ಲಗೂನ ಬಾ. ನಿಮ್ಮಣ್ಣ ಬಂದು ಕೂತಾನೆ."